ಬನಿಯನ್ ದಿಂಬು: ಐದನೇ ಸಲಕ್ಕೆ ಕೈಗೆ ಹತ್ತಿತು

"ಚಿಂದಿ ತುಂಬಿದ್ರ ಕಲ್ಲ ಆಗ್ತದವಾ, ಸುಮ್ನ ಗಾದಿ ಅಂಗಡಿಗಿ ಹೋಗು" ಅಂದಿದ್ದರು ನಮ್ಮತ್ತೆ, ಮನೆಯ ಹಳೆ ಬಟ್ಟೆಯಿಂದಲೇ ದಿಂಬು ಮಾಡ್ತೀನಿ ಅಂದಾಗ. ಮೊದಲ ದಿಂಬಿನ ಮಟ್ಟಿಗೆ ಅವರು ಹೇಳಿದ್ದೇ ಆಯಿತು. ಹಳೆ ಧೋತರ, ಬೆಡ್‌ಶೀಟು, ಬ್ಲೌಸಿನ ತುಂಡು ಎಲ್ಲ ಸಣ್ಣಗೆ ಕತ್ತರಿಸಿ ತುಂಬಿದ್ದೆ. ಎರಡೂವರೆ ಕಿಲೋ ಹಿಡಿಯಿತು. ಹದಿನೈದು ದಿನಕ್ಕೆ ಒತ್ತಿಕೊಂಡು ಗಟ್ಟಿಯಾಗಿ, ನಮ್ಮ ಮನೆಯವರಿಗೆ ಕುತ್ತಿಗೆ ಹಿಡಿಯಿತು.

ಎರಡನೆಯದಕ್ಕೆ ಸಿಂಥೆಟಿಕ್ ಸೀರೆ ಹಾಕಿದೆ. ಹಗುರ ಏನೋ ಆಯಿತು. ಆದರೆ ಮೇ ತಿಂಗಳ ಕಲಬುರಗಿ, 42 ಡಿಗ್ರಿ ಬಿಸಿಲು. ಬೆವರು ಹೀರದ ದಿಂಬಿನ ಮೇಲೆ ಯಾರು ಮಲಗ್ತಾರೆ? ಮೂರನೆಯದಕ್ಕೆ ಒಂದು ಕಿಲೋ ಫೈಬರ್ ತಂದು ಚಿಂದಿ ಜತೆ ಬೆರೆಸಿದೆ. ಸುಮಾರು 200 ರೂಪಾಯಿ ಹೋಯಿತು. ವಾರದಲ್ಲಿ ಚಿಂದಿಯೆಲ್ಲ ಒಂದು ಮೂಲೆಗೆ, ಫೈಬರ್ ಇನ್ನೊಂದು ಮೂಲೆಗೆ. ದಾರ, ಜಿಪ್ಪು, ಮುರಿದ ಸೂಜಿ ಸೇರಿ ಅಷ್ಟೊತ್ತಿಗೆ 400 ದಾಟಿತ್ತು. ಅಷ್ಟು ರೊಕ್ಕಕ್ಕೆ ಅಂಗಡಿ ದಿಂಬೇ ಬರ್ತಿತ್ತಲ್ಲ ಅಂತ ಮನೆಯಲ್ಲಿ ದಿನಾ ಕೇಳಬೇಕಾಯಿತು.

ನಡುವೆ ಒಂದು ಹುಚ್ಚು. ನಮ್ಮಲ್ಲಿ ದಾಲ್ ಮಿಲ್ಲುಗಳಿಗೇನು ಕಮ್ಮಿ, ತೊಗರಿ ಹೊಟ್ಟು ತುಂಬಿ ನೋಡಿದೆ. ತಂಪಾಗಿತ್ತು. ಮಗ್ಗುಲು ಬದಲಿಸಿದರೆ ಮಾತ್ರ ಕರಕರ ಸದ್ದು. ಮೂರನೇ ವಾರ ಹುಳ ಬಿತ್ತು. ಹೊಟ್ಟು ಪಕ್ಕದ ಮನೆ ಎಮ್ಮೆಗೂ ಕೊಡುವ ಹಾಗಿರಲಿಲ್ಲ, ತಿಪ್ಪೆಗೆ ಹೋಯಿತು.

ದಾರಿ ಸಿಕ್ಕಿದ್ದು ಹೊಲಿಗೆ ಮಷಿನ್ ಒರೆಸುವಾಗ. ಹಳೆ ಬನಿಯನ್‌ನಿಂದ ಅಡ್ಡಕ್ಕೆ ಒಂದು ಪಟ್ಟಿ ಕತ್ತರಿಸಿದ್ದೆ. ಎರಡೂ ತುದಿ ಹಿಡಿದು ಎಳೆದರೆ ಅಂಚು ಸುರುಳಿ ಸುತ್ತಿಕೊಂಡು, ಇಡೀ ಪಟ್ಟಿ ದಪ್ಪ ಶಾವಿಗೆ ಎಳೆ ಥರ ಆಯಿತು. ಒಂದಿಷ್ಟು ಕತ್ತರಿಸಿ, ಎಳೆದು, ಮುಷ್ಟಿಯಲ್ಲಿ ಹಿಸುಕಿ ಬಿಟ್ಟೆ. ಮತ್ತೆ ಉಬ್ಬಿತು! ಧೋತರದ ಚಿಂದಿ ಹಾಗೆ ಏಳಲ್ಲ, ಒಂದರ ಮೇಲೊಂದು ಮಲಗಿಬಿಡುತ್ತೆ. ಇಷ್ಟು ದಿನ ಈ ಬನಿಯನ್‌ನಿಂದ ನೆಲ ಒರೆಸುತ್ತಿದ್ದೆ ನೋಡಿ.

ಪಟ್ಟಿ ಅರ್ಧ ಇಂಚು ಇರಲಿ. ಉದ್ದಕ್ಕೆ ಕತ್ತರಿಸಿದರೆ ಹೀಗೆ ಸುತ್ತಿಕೊಳ್ಳಲ್ಲ. ಕಾಟನ್ ಟೀ ಶರ್ಟೂ ನಡೆಯುತ್ತೆ, ಮುಂದೆ ಚಿತ್ರ ಅಂಟಿಸಿದ ಭಾಗ ಬಿಡಿ. 17-27 ಇಂಚಿನ ದಿಂಬಿಗೆ ನನಗೆ ಹನ್ನೆರಡೋ ಹದಿಮೂರೋ ಬನಿಯನ್ ಬೇಕಾದವು, ಒಂದೂಕಾಲು ಕಿಲೋ ಇರಬಹುದು. ಒಳಚೀಲ ಎರಡು ಪದರ ಧೋತರದ್ದು. ಮೇಲ್ಗವಸಿಗೆ ಅತ್ತೆಯ ಹಳೆ ಇಳಕಲ್ ಸೀರೆಯ ಒಡಲು. ಸೆರಗು ನುಣುಪು, ತಲೆ ಜಾರುತ್ತೆ, ಅದಕ್ಕೇ ತೆಗೆದಿಟ್ಟೆ. ಮೂಲೆಗಳಿಗೆ ಮೊದಲು ಏನು ತುಂಬುತ್ತೇನೆ ಅನ್ನೋದು ಮಾತ್ರ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ಖರ್ಚು? ಜಿಪ್ಪು, ದಾರ ಸೇರಿ 30 ರೂಪಾಯಿ. ಕತ್ತರಿಸೋದಕ್ಕೆ ಮೂರು ಮಧ್ಯಾಹ್ನ ಹೋದವು, ಹೆಬ್ಬೆರಳಿಗೆ ಬೊಬ್ಬೆ ಬಂತು. ತಿಂಗಳಿಗೊಮ್ಮೆ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ ಎರಡು ಸಲ ಬಡಿಯುತ್ತೇನೆ. ಎಂಟು ತಿಂಗಳಾಯಿತು, ಇನ್ನೂ ಗಂಟು ಕಟ್ಟಿಲ್ಲ.

ಈಗ ಅದು ಅತ್ತೆಯ ತಲೆ ಕೆಳಗಿದೆ. ಅವರನ್ನು ನೋಡಿ ಓಣಿಯ ಒಬ್ಬರು, "250 ಕೊಡ್ತೀನಿ, ಎರಡು ಮಾಡಿಕೊಡು" ಅಂದರು. ಬನಿಯನ್ ನೀವೇ ತನ್ನಿ ಅಂದಿದ್ದೇನೆ. ಇಲ್ಲಿಯವರೆಗೆ ಐದು ಬಂದಿವೆ.