ಲಂಡನ್ ಸುದ್ದಿಯನ್ನು ದಾವಣಗೆರೆಯಲ್ಲಿ ಕೂತು ಓದುವ ಕ್ರಮ

ಬ್ರಿಟನ್‌ನಲ್ಲಿ ವೀಸಾ ನಿಯಮ ಬಿಗಿಯಾಯಿತಂತೆ ಎಂಬ ಒಂದು ಸಾಲು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಸಾಕು, ವಿದ್ಯಾನಗರ, ಎಂಸಿಸಿ ಬಡಾವಣೆಗಳಲ್ಲಿ ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದ ಮನೆಗಳವರಿಗೆ ಅವತ್ತು ನಿದ್ದೆ ಹತ್ತುವುದಿಲ್ಲ. ಸುದ್ದಿ ಸುಳ್ಳೇ ಆಗಿರಬೇಕೆಂದಿಲ್ಲ, ಬಹಳ ಸಲ ಅರ್ಧ ಮಾತ್ರ ಇರುತ್ತದೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಹಂತದಲ್ಲಿದೆ? ಬರೀ ಹೇಳಿದ್ದಾರೋ, ನಿಯಮ ಬರೆದಿದ್ದಾರೋ, ಜಾರಿಗೂ ಬಂದಿದೆಯೋ?

ಓದು ಮುಗಿಸಿದವರು ಅಲ್ಲೇ ಉಳಿದು ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾವನ್ನೇ ನೋಡಿ. ಎರಡು ವರ್ಷದ ಅವಧಿಯನ್ನು 18 ತಿಂಗಳಿಗೆ ಇಳಿಸುವ ಮಾತು ಬಂದದ್ದು 2025ರ ಮೇ 12ರ ಶ್ವೇತಪತ್ರದಲ್ಲಿ. ಶ್ವೇತಪತ್ರ ಎಂದರೆ ಸರ್ಕಾರದ ಉದ್ದೇಶ ಅಷ್ಟೆ, ಅದರಿಂದ ಯಾರ ವೀಸಾವೂ ಬದಲಾಗುವುದಿಲ್ಲ. ವಲಸೆ ನಿಯಮಗಳ ತಿದ್ದುಪಡಿ ಸಂಸತ್ತಿನ ಮುಂದೆ ಬಂದದ್ದು ಅಕ್ಟೋಬರಿನಲ್ಲಿ. ಜಾರಿಯ ದಿನ 2027ರ ಜನವರಿ 1. ಅವತ್ತಿನಿಂದ ಅರ್ಜಿ ಹಾಕುವವರಿಗೆ 18 ತಿಂಗಳು, ಪಿಎಚ್‌.ಡಿ. ಮುಗಿಸಿದವರಿಗೆ ಮೊದಲಿನಂತೆ ಮೂರು ವರ್ಷ. ಇಲ್ಲಿ ಲೆಕ್ಕಕ್ಕೆ ಬರುವುದು ಕೋರ್ಸ್‌ಗೆ ಸೇರಿದ ದಿನವಲ್ಲ, ಅರ್ಜಿ ಹಾಕಿದ ದಿನ. ಅದರ ಮೇಲೆ, ಕೋರ್ಸ್ ಯಶಸ್ವಿಯಾಗಿ ಮುಗಿದಿದೆ ಎಂದು ವಿಶ್ವವಿದ್ಯಾಲಯ ಅಲ್ಲಿನ ಗೃಹ ಇಲಾಖೆಗೆ ತಿಳಿಸಿದ ಮೇಲೆಯೇ ಅರ್ಜಿ ಹಾಕಬೇಕು. ಫಲಿತಾಂಶ ತಡವಾಗಿ ಜನವರಿ 1 ದಾಟಿದರೆ ಕೈಯಲ್ಲಿದ್ದ ಆರು ತಿಂಗಳು ಹೋಗುತ್ತದೆ. ಈ ಎರಡು ಸಂಗತಿ ತಲೆಬರಹದಲ್ಲಿ ಯಾವತ್ತೂ ಇರುವುದಿಲ್ಲ.

ವ್ಯಾಪಾರ ಒಪ್ಪಂದಕ್ಕೂ ಇದೇ ಕ್ರಮ. ಭಾರತ–ಬ್ರಿಟನ್ ಮಾತುಕತೆ 2022ರ ಜನವರಿಯಲ್ಲಿ ಶುರುವಾಯಿತು, 2025ರ ಮೇ 6ರಂದು ಮುಗಿಯಿತೆಂದು ಘೋಷಿಸಿದರು, ಸಹಿ ಬಿದ್ದದ್ದು ಜುಲೈ 24ರಂದು. ಸಹಿಯಾದ ಮರುದಿನ ಸುಂಕ ಇಳಿಯುವುದಿಲ್ಲ. 2010ರ ಕಾಯ್ದೆಯ ಪ್ರಕಾರ ಒಪ್ಪಂದದ ಪ್ರತಿ ಅಲ್ಲಿನ ಸಂಸತ್ತಿನ ಮುಂದೆ 21 ಅಧಿವೇಶನದ ದಿನ ಇರಬೇಕು. ಶನಿವಾರ, ಭಾನುವಾರ, ಬಿಡುವಿನ ವಾರಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಸಿದ್ಧ ಉಡುಪು ಕಳಿಸುವವರು ಖರೀದಿದಾರರಿಗೆ ಹೊಸ ಬೆಲೆ ಹೇಳುವ ಮೊದಲು ಒಪ್ಪಂದ ಜಾರಿಗೆ ಬರುವ ದಿನವನ್ನು ಬ್ರಿಟಿಷ್ ಸರ್ಕಾರದ ಗೌವ್ ಡಾಟ್ ಯುಕೆ ಜಾಲತಾಣದಲ್ಲೇ ನೋಡಿಕೊಳ್ಳಬೇಕು.

ಪೌಂಡಿನ ಲೆಕ್ಕ

ವೀಸಾ ತಿರಸ್ಕಾರವಾಗುವಲ್ಲಿ ತಪ್ಪಿಸಬಹುದಾದ ತಪ್ಪು ಹೆಚ್ಚಾಗಿ ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 2025ರ ನವೆಂಬರ್ 11ರಿಂದ ವಿದ್ಯಾರ್ಥಿ ವೀಸಾಕ್ಕೆ ತೋರಿಸಬೇಕಾದ ಜೀವನ ವೆಚ್ಚ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಲಂಡನ್ ಹೊರಗೆ 1,171 ಪೌಂಡ್. ಹೆಚ್ಚೆಂದರೆ ಒಂಬತ್ತು ತಿಂಗಳ ಮೊತ್ತ ತೋರಿಸಬೇಕು. ಲಂಡನ್ ಹೊರಗಾದರೆ 10,539 ಪೌಂಡ್. ಮೊದಲ ವರ್ಷದ ಶುಲ್ಕದಲ್ಲಿ ಬಾಕಿ ಉಳಿದಿದ್ದರೆ ಅದೂ ಇದಕ್ಕೆ ಸೇರಬೇಕು.

ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದು ದಿನ ಒಂದು ರೂಪಾಯಿ ಕಡಿಮೆಯಾದರೂ ಎಣಿಕೆ ಮೊದಲಿನಿಂದ ಶುರು. ಆ 28 ದಿನದ ಕೊನೆಯ ದಿನ, ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಹಿಂದಿನದಾಗಿರಬಾರದು. ತಂದೆ-ತಾಯಿಯ ಖಾತೆ ನಡೆಯುತ್ತದೆ, ಜೊತೆಗೆ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಇರಬೇಕು. ಅಜ್ಜನದೋ ಸೋದರಮಾವನದೋ ಖಾತೆ ತೋರಿಸಿದರೆ ನಡೆಯುವುದಿಲ್ಲ.

ರೂಪಾಯಿಯನ್ನು ಪೌಂಡಿಗೆ ತಿರುಗಿಸುವಾಗ ಗೃಹ ಇಲಾಖೆ ನೋಡುವುದು ಓಆಂಡಾ ಎಂಬ ಕರೆನ್ಸಿ ಜಾಲತಾಣದಲ್ಲಿ ಅರ್ಜಿ ಹಾಕಿದ ದಿನ ಇರುವ ದರವನ್ನು. ಹಣ ಕಟ್ಟಿಟ್ಟ ದಿನ ಪೌಂಡಿಗೆ 115 ರೂಪಾಯಿ ಇತ್ತೆನ್ನಿ, 12,11,985 ರೂಪಾಯಿ ಸಾಕಿತ್ತು. ಅರ್ಜಿಯ ದಿನ 118 ಆದರೆ 12,43,602 ಬೇಕು. 31,617 ರೂಪಾಯಿ ಕೊರತೆ, ಅರ್ಜಿ ತಿರಸ್ಕಾರ. ಆದ್ದರಿಂದ ಬೇಕಾದ್ದಕ್ಕಿಂತ ಶೇ 7ರಿಂದ 8ರಷ್ಟು ಹೆಚ್ಚೇ ಇಟ್ಟಿರುವುದು ಕ್ಷೇಮ. ಶುಲ್ಕ ಕಟ್ಟುವಾಗ ಮಾತ್ರ ಬೇರೆ ಲೆಕ್ಕ: ಗೂಗಲ್ ತೋರಿಸುವ ದರಕ್ಕೆ ಯಾವ ಬ್ಯಾಂಕೂ ಪೌಂಡ್ ಕೊಡುವುದಿಲ್ಲ, ಶಾಖೆಯಲ್ಲಿ ಆ ದಿನದ ಟಿಟಿ ಸೆಲ್ಲಿಂಗ್ ದರ, ಎಂದರೆ ಹೊರದೇಶಕ್ಕೆ ಹಣ ಕಳಿಸುವವರಿಗೆ ಬ್ಯಾಂಕ್ ಪೌಂಡ್ ಮಾರುವ ದರ ಕೇಳಿ.

ಬಡ್ಡಿ, ಬಜೆಟ್, ನಂಬಿಕೆ

ಬ್ರಿಟನ್ನಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಬಡ್ಡಿ ದರ ತೀರ್ಮಾನಿಸುವ ಹಣಕಾಸು ನೀತಿ ಸಮಿತಿಯಲ್ಲಿ ಒಂಬತ್ತು ಜನ. ವರ್ಷಕ್ಕೆ ಎಂಟು ಸಭೆ. ತೀರ್ಮಾನ ಹೊರಬರುವುದು ಸಾಮಾನ್ಯವಾಗಿ ಗುರುವಾರ, ಅಲ್ಲಿನ ಮಧ್ಯಾಹ್ನ 12ಕ್ಕೆ. ನಮ್ಮಲ್ಲಿ ಅದು ಬೇಸಿಗೆ ಸಮಯದಲ್ಲಿ ಸಂಜೆ 4.30, ಚಳಿಗಾಲದಲ್ಲಿ 5.30. ದರ ಎಷ್ಟಾಯಿತು ಎಂಬುದಕ್ಕಿಂತ ಮತ ಹೇಗೆ ಒಡೆಯಿತು ಎಂಬುದನ್ನು ಓದಿ. 2025ರ ಆಗಸ್ಟಿನಲ್ಲಿ ಶೇ 4.25ರಿಂದ 4ಕ್ಕೆ ಇಳಿಸಲು ಎರಡು ಸುತ್ತು ಮತ ಹಾಕಬೇಕಾಯಿತು, ಕೊನೆಗೆ 5–4. ಇನ್ನು ಮುಂದಿನ ಇಳಿಕೆ ಸುಲಭವಿಲ್ಲ ಎಂಬ ಸೂಚನೆ ಅದರಲ್ಲೇ ಇತ್ತು. ಬಡ್ಡಿ ಇಳಿದ ದಿನವೇ ಪೌಂಡ್ ಬೀಳುತ್ತದೆಂದು ಕಾಯಬೇಡಿ. ಇಳಿಯುತ್ತದೆಂದು ಪೇಟೆಗೆ ಮೊದಲೇ ಗೊತ್ತಿದ್ದರೆ ಅದು ವಾರಗಳ ಹಿಂದೆಯೇ ದರದಲ್ಲಿ ಸೇರಿರುತ್ತದೆ.

ಹಣದುಬ್ಬರದ ಬಗ್ಗೆ ಒಂದೇ ಎಚ್ಚರ. ಅಲ್ಲಿ 2022ರ ಅಕ್ಟೋಬರಿನಲ್ಲಿ ಶೇ 11.1 ಇದ್ದದ್ದು 2024ರ ಮೇ ವೇಳೆಗೆ ಶೇ 2ಕ್ಕೆ ಬಂತು. ಬೆಲೆ ಇಳಿದಿರಲಿಲ್ಲ, ಏರುವ ವೇಗ ತಗ್ಗಿತ್ತು. ಮಗಳ ಬಾಡಿಗೆ ಇಳಿಯುತ್ತದೆಂದು ಲೆಕ್ಕ ಹಾಕಬಾರದು.

ಬ್ರಿಟಿಷ್ ಬಜೆಟ್ ಓದುವವರು 2022ರ ಸೆಪ್ಟೆಂಬರ್ 23ನ್ನು ಮರೆಯಬಾರದು. ಲಿಜ್ ಟ್ರಸ್ ಸರ್ಕಾರದ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಅವತ್ತು ಸುಮಾರು 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿದರು. ಆ ಹಣಕ್ಕೆ ಬದಲಿ ಮೂಲ ತೋರಿಸಲಿಲ್ಲ. ಬಜೆಟ್ಟನ್ನು ತೂಗಿ ನೋಡುವ ಸ್ವತಂತ್ರ ಸಂಸ್ಥೆ ಒಬಿಆರ್‌ನ ಅಂದಾಜನ್ನೂ ಜೊತೆಗಿಡಲಿಲ್ಲ. ಸೋಮವಾರದ ಹೊತ್ತಿಗೆ ಪೌಂಡ್ ಸುಮಾರು 1.03 ಡಾಲರಿಗೆ ಕುಸಿಯಿತು. ಸರ್ಕಾರಿ ಬಾಂಡ್‌ಗಳ ಬೆಲೆ ಬಿದ್ದು, ಅವನ್ನೇ ಒತ್ತೆಯಿಟ್ಟಿದ್ದ ಪಿಂಚಣಿ ನಿಧಿಗಳು ನಗದಿಗಾಗಿ ಮತ್ತೆ ಬಾಂಡ್ ಮಾರತೊಡಗಿದವು, ಬೆಲೆ ಇನ್ನೂ ಬಿತ್ತು. 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಬಾಂಡ್ ಕೊಳ್ಳಲು ಇಳಿಯಬೇಕಾಯಿತು. ಟ್ರಸ್ ಪ್ರಧಾನಿಯಾಗಿದ್ದದ್ದು 49 ದಿನ. ಅಲ್ಲಿಂದೀಚೆಗೆ ಬಜೆಟ್ ದಿನ ಭಾಷಣಕ್ಕಿಂತ ಮೊದಲು ನೋಡಬೇಕಾದ್ದು ಎರಡು: ಒಬಿಆರ್ ವರದಿ ಮತ್ತು ಆ ಸಂಜೆಯ ದೀರ್ಘಾವಧಿ ಬಾಂಡ್‌ಗಳ ಬಡ್ಡಿ. ಸಭೆಯಲ್ಲಿ ಎಷ್ಟೇ ಚಪ್ಪಾಳೆ ಬಿದ್ದರೂ ಬಾಂಡಿನ ಬಡ್ಡಿ ಏರಿದ್ದರೆ (ಬಾಂಡಿನ ಬೆಲೆ ಬಿದ್ದಷ್ಟೂ ಅದು ಏರುತ್ತದೆ) ಆ ಬಜೆಟ್ ತೊಂದರೆಯಲ್ಲಿದೆ ಎಂದೇ ತಿಳಿಯಬೇಕು.

ಸೀಟು ಮತ್ತು ಮತ

ಅಲ್ಲಿಯೂ ನಮ್ಮಂತೆಯೇ, ಕ್ಷೇತ್ರದಲ್ಲಿ ಹೆಚ್ಚು ಮತ ಬಿದ್ದವರು ಗೆದ್ದಂತೆ. 650 ಸೀಟು. 2024ರ ಜುಲೈ 4ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಸಿಕ್ಕದ್ದು ಶೇ 34ಕ್ಕೂ ಕಡಿಮೆ ಮತ, ಬಂದದ್ದು 411 ಸೀಟು. ರಿಫಾರ್ಮ್ ಯುಕೆ ಪಕ್ಷಕ್ಕೆ ಶೇ 14ರಷ್ಟು ಮತ, ಸೀಟು ಐದು. ಹಾಗಾಗಿ ಜನಮತ ಸಮೀಕ್ಷೆಯ ಶೇಕಡಾವಾರನ್ನು ನೇರವಾಗಿ ಸೀಟಿಗೆ ತಿರುಗಿಸಿ ಮಾತಾಡುವವರ ಮಾತಿಗೆ ಬೆಲೆ ಕೊಡಬೇಡಿ. ಪ್ರಧಾನಿ ಹೋದರೆ ಚುನಾವಣೆ ಬಂತೆಂದೂ ಅಲ್ಲ. ಬೋರಿಸ್ ಜಾನ್ಸನ್, ಟ್ರಸ್, ರಿಷಿ ಸುನಕ್ ಮೂವರೂ 2022 ಒಂದೇ ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತರು, ನಡುವೆ ಸಾರ್ವತ್ರಿಕ ಚುನಾವಣೆ ನಡೆಯಲೇ ಇಲ್ಲ.

ರಾಯಭಾರಿ ಬದಲಾದರೆ

ಕಾಮನ್‌ವೆಲ್ತ್ ದೇಶಗಳ ನಡುವೆ ರಾಯಭಾರಿಯ ಕೆಲಸ ಮಾಡುವವರು ಹೈಕಮಿಷನರ್. ದೆಹಲಿಗೆ 2024ರಲ್ಲಿ ಲಿಂಡಿ ಕ್ಯಾಮರಾನ್ ಅವರನ್ನು ನೇಮಿಸಿದರು. ಅದಕ್ಕೆ ಮೊದಲು ಅವರು ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರದ ಮುಖ್ಯಸ್ಥೆ. ಯಾವ ನೇಮಕದಲ್ಲೂ ಹೀಗೆ ಹಿಂದಿನ ಹುದ್ದೆ ಹುಡುಕಿ, ಸರ್ಕಾರ ಯಾವ ವಿಷಯಕ್ಕೆ ತೂಕ ಕೊಡುತ್ತಿದೆ ಎಂಬುದು ಅಲ್ಲಿ ಸ್ವಲ್ಪ ಕಾಣುತ್ತದೆ. ವೃತ್ತಿ ರಾಜತಾಂತ್ರಿಕರೋ ರಾಜಕೀಯ ನೇಮಕವೋ ಎಂಬುದನ್ನೂ ನೋಡಿ. ವಾಷಿಂಗ್ಟನ್‌ಗೆ 2025ರ ಫೆಬ್ರುವರಿಯಲ್ಲಿ ರಾಯಭಾರಿಯಾಗಿ ಹೋದ ಪೀಟರ್ ಮ್ಯಾಂಡೆಲ್ಸನ್ ಹಳೆಯ ಸಚಿವರು. ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿದ್ದ ಅಮೆರಿಕದ ಸಿರಿವಂತ ಜೆಫ್ರಿ ಎಪ್‌ಸ್ಟೀನ್ ಜೊತೆಗಿನ ಸ್ನೇಹದ ಇಮೇಲ್‌ಗಳು ಹೊರಬಂದು ಸೆಪ್ಟೆಂಬರ್ 11ರಂದು ಅವರನ್ನು ತೆಗೆದಾಗ, ಪೆಟ್ಟು ಬಿದ್ದದ್ದು ವಿದೇಶಾಂಗ ಇಲಾಖೆಗಿಂತ ಹೆಚ್ಚಾಗಿ ಅವರನ್ನು ಆರಿಸಿದ ಪ್ರಧಾನಿ ಕೀರ್ ಸ್ಟಾರ್ಮರ್ ಅವರಿಗೆ.

ವೀಸಾ ಬೇಗ ಕೊಡಿಸಿ ಎಂದು ಬೆಂಗಳೂರಿನ ಡೆಪ್ಯುಟಿ ಹೈಕಮಿಷನ್‌ಗೆ ಪತ್ರ ಬರೆದು ಉಪಯೋಗವಿಲ್ಲ. ತೀರ್ಮಾನ ಗೃಹ ಇಲಾಖೆಯದು.

ಕೊನೆಯದಾಗಿ, ಬ್ರಿಟನ್ನಿನಲ್ಲಿ ಪಾರ್ಟ್‌ಟೈಮ್ ದುಡಿಯುವ ಮಕ್ಕಳಿಗೆ ಬಜೆಟ್‌ನಲ್ಲಿ ನೇರವಾಗಿ ತಟ್ಟುವುದು ಎರಡೇ ಅಂಕಿ. 21 ವರ್ಷ ತುಂಬಿದವರ ಕನಿಷ್ಠ ಕೂಲಿ 2026ರ ಏಪ್ರಿಲ್ 1ರಿಂದ ಗಂಟೆಗೆ 12.71 ಪೌಂಡ್. ತೆರಿಗೆ ಇಲ್ಲದ ಆದಾಯ ವರ್ಷಕ್ಕೆ 12,570 ಪೌಂಡ್, ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು. ಸಂಬಳದ ಚೀಟಿಯಲ್ಲಿ ತೆರಿಗೆ ಸಂಕೇತ 1257ಎಲ್ ಎಂದಿರಬೇಕು. ಇರುವುದು ಒಂದೇ ಕೆಲಸವಾಗಿದ್ದೂ ಬಿಆರ್ ಎಂದಿದ್ದರೆ ಮೊದಲ ಪೌಂಡಿನಿಂದಲೇ ಶೇ 20 ಕಡಿತವಾಗುತ್ತಿದೆ ಎಂದರ್ಥ. ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಫೋನ್ ಮಾಡಿಯೋ ಆನ್‌ಲೈನ್ ಖಾತೆಯಲ್ಲೋ ತಿದ್ದಿಸಿದರೆ, ಹೆಚ್ಚಿಗೆ ಹಿಡಿದ ಹಣ ಸಾಮಾನ್ಯವಾಗಿ ಮುಂದಿನ ಸಂಬಳಗಳಲ್ಲೇ ವಾಪಸ್ ಬರುತ್ತದೆ.