ದೂರದ ಸವಾರಿಗೆ ಬೈಕ್ ಆರಿಸುವ ಬಗೆ

ದೂರದ ಬೈಕ್ ಸವಾರರ ಅಮೆರಿಕದ ಸಂಘವಾದ ಐರನ್ ಬಟ್ ಅಸೋಸಿಯೇಷನ್ ಮಾನ್ಯ ಮಾಡುವ ‘ಸ್ಯಾಡಲ್‌ಸೋರ್ 1000’ ಸವಾರಿಯಲ್ಲಿ 24 ಗಂಟೆಗಳೊಳಗೆ 1000 ಮೈಲಿ, ಅಂದರೆ ಸುಮಾರು 1609 ಕಿ.ಮೀ. ಕ್ರಮಿಸಬೇಕು. ಇದಕ್ಕೆ ನಿಲುಗಡೆಗಳೂ ಸೇರಿ ಗಂಟೆಗೆ ಸರಾಸರಿ 67 ಕಿ.ಮೀ. ವೇಗ ಸಾಕಾಗುವುದರಿಂದ, ಬೈಕ್ ಆರಿಸುವಾಗ ಗರಿಷ್ಠ ವೇಗಕ್ಕಿಂತ ದೇಹ ದಣಿಯದಂತೆ ಅದು ಎಷ್ಟು ಹೊತ್ತು ಸಾಗಬಲ್ಲದು ಎಂಬುದನ್ನೇ ಮುಖ್ಯವಾಗಿ ನೋಡಬೇಕು.

ಮೊದಲು ಸೀಟನ್ನು ಪರೀಕ್ಷಿಸಿ. ಮಳಿಗೆಯಲ್ಲಿ ಐದು ನಿಮಿಷ ಕುಳಿತಾಗ ಹಿತವೆನಿಸುವ ಮೆತ್ತನೆಯ ಫೋಮ್, ಕೆಲವು ಗಂಟೆಗಳಲ್ಲಿ ಕುಗ್ಗಿ, ಕೆಳಗಿನ ಗಟ್ಟಿ ತಳವು ಮೂಳೆಗೆ ಒತ್ತತೊಡಗುತ್ತದೆ. ತುಸು ಗಟ್ಟಿಯಾದ, ಅಗಲವಾದ ಸೀಟೇ ಲೇಸು. ಮೊಣಕಾಲು ಅತಿಯಾಗಿ ಮಡಚದಂತೆ, ಮಣಿಕಟ್ಟಿನ ಮೇಲೆ ಭಾರ ಬೀಳದಂತೆ ಕೂರಲು ಆಗಬೇಕು. ಗಾಳಿತಡೆ ಎತ್ತರವಿದ್ದರಷ್ಟೇ ಸಾಲದು: ಅದರ ಅಂಚಿನಿಂದ ಚಿಮ್ಮುವ ಗಾಳಿ ಹೆಲ್ಮೆಟ್‌ಗೆ ಬಡಿಯುತ್ತಿದ್ದರೆ, ಅದಿಲ್ಲದಿರುವುದೇ ಮೇಲು ಎನಿಸೀತು.

20 ಲೀಟರ್ ಟ್ಯಾಂಕ್, ಲೀಟರಿಗೆ 20 ಕಿ.ಮೀ. ಮೈಲೇಜ್ ಎಂದರೆ ಕಾಗದದ ಮೇಲೆ 400 ಕಿ.ಮೀ.; ಆದರೆ ವೇಗ, ಎದುರುಗಾಳಿ ಮತ್ತು ಸಾಮಾನಿನ ಭಾರಕ್ಕೆ ಅದು ಇಳಿಯುವುದರಿಂದ 300ಕ್ಕೇ ಲೆಕ್ಕ ಹಾಕುವುದು ಕ್ಷೇಮ.

ಟ್ಯೂಬ್‌ಲೆಸ್ ಟಯರ್ ಇದ್ದರೆ ಮೊಳೆ ಚುಚ್ಚಿದಾಗ ಚಕ್ರ ಬಿಚ್ಚದೆ ಪ್ಲಗ್ ಹಾಕಬಹುದು. ಚೈನ್ ಬದಲು ತಿರುಗುವ ದಂಡದ ಮೂಲಕ ಹಿಂಚಕ್ರಕ್ಕೆ ಶಕ್ತಿ ಸಾಗಿಸುವ ಶಾಫ್ಟ್ ಡ್ರೈವ್ ತೂಕ ಹೆಚ್ಚಿಸಿದರೂ, ದಾರಿಯಲ್ಲಿ ಚೈನ್‌ಗೆ ಎಣ್ಣೆ ಹಾಕುವ ಕೆಲಸ ತಪ್ಪಿಸುತ್ತದೆ. ಹೆಚ್ಚುವರಿ ದೀಪಗಳು, ವಿದ್ಯುತ್ತಿನಿಂದ ಬಿಸಿಯಾಗುವ ಜಾಕೆಟ್ ಜೋಡಿಸುವ ಯೋಚನೆಯಿದ್ದರೆ, ಬೈಕಿನಲ್ಲಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಎಷ್ಟು ವ್ಯಾಟ್ ಕೊಡುತ್ತದೆ ಎಂಬುದನ್ನು ಖರೀದಿಗೆ ಮುನ್ನವೇ ವಿಚಾರಿಸಿ.