ಸಿಂಗಪುರ ಬಿಟ್ಟು ಸುರತ್ಕಲ್ಲಿಗೆ: ಬಾವಿ, ಉಪ್ಪುಗಾಳಿ ಮತ್ತು 13 ಆಂಪಿಯರ್ ಪ್ಲಗ್ಗು

ಸಿಂಗಪುರದಿಂದ ಮಂಗಳೂರು ಕಡೆಗೆ ವಾಪಸಾಗುವವರಿಗೆ ಹವೆ ಹೊಸದಲ್ಲ. ಅಲ್ಲೂ ಬೆವರು, ಇಲ್ಲೂ ಬೆವರು. ಹಾಗಾಗಿ ಲಂಡನ್ನಿನಿಂದ ಬರುವವರಿಗಿಂತ ನಮಗೆ ಸಲೀಸು ಎಂಬ ಧೈರ್ಯ ಇರುತ್ತದೆ. ಆದರೆ ಅಲ್ಲಿ ಎಚ್‌ಡಿಬಿ (ಸರಕಾರಿ ವಸತಿ ಮಂಡಳಿ) ಫ್ಲ್ಯಾಟಿನ ಹೊರಗೋಡೆ, ನೀರಿನ ಟಾಂಕಿ, ಚರಂಡಿ, ಸಿಡಿಲು ಯಾವುದೂ ಬಾಡಿಗೆದಾರನ ತಲೆನೋವಲ್ಲ, ಅದನ್ನೆಲ್ಲ ಟೌನ್ ಕೌನ್ಸಿಲ್ ನೋಡಿಕೊಳ್ಳುತ್ತದೆ. ಸುರತ್ಕಲ್, ಮುಕ್ಕ, ಹಳೆಯಂಗಡಿ, ಸೋಮೇಶ್ವರದಂಥ ಕಡಲ ಬದಿಯ ಬಿಡಿಮನೆಗೆ ಬಂದ ದಿನದಿಂದ ಟೌನ್ ಕೌನ್ಸಿಲ್ ನಾವೇ. ಕೆಳಗಿನದೆಲ್ಲ ಆ ಕೆಲಸದ ಲೆಕ್ಕ.

ಮೊದಲು ಕಾಲ ನಿಶ್ಚಯಿಸಬೇಕು. ನಾವು ಪಾಲಿಸಿದ ಸೂತ್ರ ಇಷ್ಟೆ: ಬಾವಿ ನೋಡುವುದು ಮೇ ಕೊನೆಗೆ, ಮನೆ ನೋಡುವುದು ಜುಲೈಯಲ್ಲಿ, ಬಂದು ಇಳಿಯುವುದು ಅಕ್ಟೋಬರದಲ್ಲಿ. ಮೇಯಲ್ಲಿ ನೀರಿದ್ದ ಬಾವಿ ವರ್ಷವಿಡೀ ನೀರು ಕೊಡುತ್ತದೆ. ಜುಲೈಯಲ್ಲಿ ಸೋರದ ಮನೆ ಬೇರೆ ತಿಂಗಳಲ್ಲಿ ಸೋರುವುದಿಲ್ಲ. ಅಕ್ಟೋಬರಕ್ಕೆ ಇನ್ನೊಂದು ಕಾರಣವೂ ಇದೆ, ಅದು ಆದಾಯ ತೆರಿಗೆ. ಒಂದು ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ಆ ವರ್ಷಕ್ಕೆ ನಿವಾಸಿ. ಅಕ್ಟೋಬರ್ 2ಕ್ಕೆ ಇಳಿದರೆ ಮಾರ್ಚ್ 31ರ ತನಕ 181 ದಿನ ಆಗುತ್ತದೆ, ಅಂದರೆ ಆ ವರ್ಷಕ್ಕೆ ಅನಿವಾಸಿಯಾಗಿಯೇ ಉಳಿಯುತ್ತೇವೆ; ಫೆಬ್ರವರಿಯಲ್ಲಿ 29 ದಿನವಿದ್ದರೆ ಇನ್ನೊಂದು ದಿನ ಮುಂದೆ ಹಾಕಿ. ಮೇ, ಜುಲೈಯಲ್ಲಿ ಮನೆ ನೋಡಲು ಬಂದ ದಿನಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ, ಇಳಿದ ದಿನ ಹೊರಟ ದಿನ ಎರಡೂ ಸಮೇತ. ಆ ಭೇಟಿಗಳಲ್ಲಿ 15 ದಿನ ಕಳೆದಿದ್ದರೆ ಬರುವುದನ್ನು 17ನೇ ತಾರೀಕಿಗೆ ತಳ್ಳಬೇಕು. ಹಿಂದಿನ 4 ವರ್ಷಗಳ ಭೇಟಿಗಳು ಒಟ್ಟು 365 ದಿನ ಮುಟ್ಟಿದ್ದರೆ ಲೆಕ್ಕ ಬೇರೆ, ಆಗ 60 ದಿನಕ್ಕೇ ನಿವಾಸಿಯಾಗಿಬಿಡಬಹುದು. ಪಾಸ್‌ಪೋರ್ಟಿನ ಮುದ್ರೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಸಿಎ ಮುಂದೆ ಇಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಮಾತ್ರ ಈ ಅಕ್ಟೋಬರ್ ಸೂತ್ರ ನಡೆಯದು. ಇಲ್ಲಿಯ ಶಾಲೆ ಜೂನ್ ಹೊತ್ತಿಗೆ ಶುರುವಾಗುತ್ತದೆ, ತೆರಿಗೆಗಾಗಿ ಮಗುವಿನ ವರ್ಷ ಕೆಡಿಸುವುದು ನನಗೆ ಸರಿ ಕಾಣುವುದಿಲ್ಲ.

ಸಿಂಗಪುರದ ಕಡೆಯ ಕೆಲಸದಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಕೊನೆಯ ಸಂಬಳದಲ್ಲಿ. ವಿದೇಶಿ ನೌಕರ ಕೆಲಸ ಬಿಡುವಾಗ ಕಂಪನಿ ಐಆರ್21 ಫಾರಂ ಅನ್ನು ಕನಿಷ್ಠ ಒಂದು ತಿಂಗಳು ಮೊದಲು ತೆರಿಗೆ ಇಲಾಖೆಗೆ ಸಲ್ಲಿಸಿ, ಕೊಡಬೇಕಾದ ಹಣವನ್ನೆಲ್ಲ ತಡೆಹಿಡಿಯಬೇಕು. ತೆರಿಗೆ ತೀರುವಳಿ ಬಂದ ಮೇಲೆಯೇ ಉಳಿಕೆ ಕೈಗೆ. ಮನೆಯ ಡಿಪಾಸಿಟ್ಟೂ ಬೀಗದ ಕೈ ಕೊಟ್ಟು ಕೆಲವು ವಾರ ಕಳೆದೇ ಬರುತ್ತದೆ. ಅಂದರೆ ಹಡಗಿನವನಿಗೆ, ಟಿಕೆಟ್ಟಿಗೆ, ಇಲ್ಲಿಯ ಅಡ್ವಾನ್ಸಿಗೆ ಬೇಕಾದ ಹಣ ಎಲ್ಲ ಒಟ್ಟಿಗೆ ಬೇಕಾಗುವ ತಿಂಗಳಲ್ಲೇ ಒಳಬರುವುದು ಸೊನ್ನೆ. ಎರಡು ತಿಂಗಳ ಖರ್ಚು ಬೇರೆ ತೆಗೆದಿಟ್ಟುಕೊಳ್ಳಿ. ಡಿಪಾಸಿಟ್ಟಿಗೆ ಕತ್ತರಿ ಬೀಳುವುದು ಹೆಚ್ಚಾಗಿ ಎಸಿ ಸರ್ವಿಸ್ ರಸೀದಿ ಇಲ್ಲ ಎಂದೋ ಪರದೆ ತೊಳೆಸಿಲ್ಲ ಎಂದೋ. ಒಪ್ಪಂದದಲ್ಲಿ ಮೂರು ತಿಂಗಳಿಗೊಮ್ಮೆ ಸರ್ವಿಸ್ ಎಂದಿದ್ದರೆ ಅಷ್ಟೂ ರಸೀದಿ ಫೈಲಿನಲ್ಲಿರಲಿ. ತೆರಿಗೆ ನೋಟಿಸು, ಸಂಬಳದ ಚೀಟಿಗಳನ್ನು ಕೆಲಸದ ಪಾಸ್ ರದ್ದಾಗುವ ಮೊದಲೇ ಇಳಿಸಿಕೊಳ್ಳಿ. ಬ್ಯಾಂಕಿನ ಒಟಿಪಿಗಾಗಿ ಅಲ್ಲಿಯ ನಂಬರನ್ನು ಪ್ರೀಪೇಯ್ಡ್ ಮಾಡಿಸಿ ಜೀವಂತ ಇಡಿ.

ಇಲ್ಲಿಯ ಬ್ಯಾಂಕಿನ ಕೆಲಸ ಚಿಕ್ಕದು, ಆದರೆ ಬಂದ ಕೂಡಲೇ ಮಾಡಬೇಕಾದ್ದು. ಖಾಯಂ ಆಗಿ ಬಂದ ಮೇಲೆ ಎನ್‌ಆರ್‌ಇ (ಅನಿವಾಸಿಗಳ ರೂಪಾಯಿ) ಖಾತೆ ಹಾಗೇ ಇಟ್ಟುಕೊಳ್ಳುವಂತಿಲ್ಲ. ನಿವಾಸಿ ಖಾತೆಗೆ ಬದಲಾಯಿಸಬೇಕು, ಇಲ್ಲವೆ ಡಾಲರಿನಲ್ಲೇ ಇರಬೇಕೆಂದರೆ ಆರ್‌ಎಫ್‌ಸಿ (ನಿವಾಸಿಯ ವಿದೇಶಿ ಕರೆನ್ಸಿ) ಖಾತೆ ತೆರೆಯಬೇಕು. ಎಫ್‌ಸಿಎನ್‌ಆರ್ (ಅನಿವಾಸಿಗಳ ವಿದೇಶಿ ಕರೆನ್ಸಿ) ಠೇವಣಿ ಅವಧಿ ಮುಗಿಯುವ ತನಕ ಮುಂದುವರಿಯುತ್ತದೆ.

ಹಡಗಿನ ಸಾಮಾನಿಗೆ ದರ ಘನ ಮೀಟರಿನ ಮೇಲೆ. 60 × 45 × 40 ಸೆಂ.ಮೀ. ಪೆಟ್ಟಿಗೆ ಒಂಬತ್ತಾದರೆ ಹೆಚ್ಚುಕಡಿಮೆ ಒಂದು ಘನ ಮೀಟರ್. ಪುಸ್ತಕಕ್ಕೆ ಇದರ ಅರ್ಧದ ಪೆಟ್ಟಿಗೆ ಸಾಕು, 18 ಕಿಲೋ ದಾಟಿದರೆ ತಳ ಬಿಡುತ್ತದೆ. ಪಣಂಬೂರು ಬಂದರು ಮನೆಯ ಪಕ್ಕದಲ್ಲೇ ಇದ್ದರೂ ಬಿಡಿ ಸಾಮಾನು ಬೇರೆ ಬಂದರಿನಲ್ಲಿ ಇಳಿದು ಲಾರಿಯಲ್ಲಿ ಬರುವುದುಂಟು. ಆ ಲಾರಿ, ಇಳಿಯುವ ಬಂದರಿನ ಶುಲ್ಕ, ಕಸ್ಟಮ್ಸ್ ಏಜೆಂಟನ ಫೀಸು ಮೂರೂ ದರಪಟ್ಟಿಯಲ್ಲಿ ಬರೆದಿವೆಯೇ ನೋಡಿ. ಅಗ್ಗದ ದರ ಅಂದರೆ ಬಹುತೇಕ ಈ ಮೂರನ್ನು ಬಿಟ್ಟ ದರ. ಪಟ್ಟಿಯಲ್ಲಿ ಪ್ರತಿ ಪೆಟ್ಟಿಗೆಗೂ ನಂಬರ್, ಒಳಗಿರುವ ವಸ್ತು, ಎಷ್ಟು, ಬಳಸಿದ್ದೋ ಹೊಸದೋ, ಅಂದಾಜು ಬೆಲೆ ಇರಲಿ. ‘ಮನೆ ಸಾಮಾನು’ ಎಂದಷ್ಟೇ ಬರೆದ ಪೆಟ್ಟಿಗೆಯನ್ನು ಬಿಚ್ಚಿಸುತ್ತಾರೆ. ವಾಸಸ್ಥಳ ಬದಲಾವಣೆಯ ರಿಯಾಯಿತಿಯ ಮಿತಿಗಳು ಬದಲಾಗುತ್ತಿರುತ್ತವೆ, ಹೊರಡುವ ತಿಂಗಳಲ್ಲಿ ಜಾರಿಯಲ್ಲಿರುವುದನ್ನೇ ಓದಿ. ಬಿಡಿಸಿಕೊಳ್ಳಲು ಮೂಲ ಪಾಸ್‌ಪೋರ್ಟ್ ಬೇಕಾಗುತ್ತದೆ, ಅದೇ ವಾರ ಅದನ್ನು ಬೇರೆ ಕಚೇರಿಗೆ ಕೊಟ್ಟು ಕೂರಬೇಡಿ.

ತರಬೇಕಾದ್ದು ಬಟ್ಟೆ ಒಣಗಿಸುವ ಹೀಟ್ ಪಂಪ್ ಡ್ರೈಯರ್, ತೇವಾಂಶ ಹೀರುವ ಡಿಹ್ಯೂಮಿಡಿಫೈಯರ್, ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಈ ಮೂರರ ಬೆಲೆ ತಿಳಿಯುತ್ತದೆ. ತರಬಾರದ್ದು ಪಾರ್ಟಿಕಲ್ ಬೋರ್ಡಿನ ಕಪಾಟು ಮತ್ತು ಗ್ಯಾಸ್ ಒಲೆ. ಅಲ್ಲಿ ಕೊಳವೆಯಲ್ಲಿ ಬರುವ ಟೌನ್ ಗ್ಯಾಸ್ ಬೇರೆ ಅನಿಲ. ಅದಕ್ಕೆ ಕೊರೆದ ಜೆಟ್ಟಿನಲ್ಲಿ ನಮ್ಮ ಸಿಲಿಂಡರಿನ ಎಲ್‌ಪಿಜಿ ಉರಿಸುವುದು ಅಪಾಯ.

ವಿದ್ಯುತ್ತು ಎರಡೂ ಕಡೆ 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಬೇಡ, ಪ್ಲಗ್ ಬದಲಿಸಿದರೆ ಮುಗಿಯಿತು ಎನ್ನುತ್ತಾರೆ. ಅರ್ಧ ಸರಿ. ಸಿಂಗಪುರದ ಚೌಕ ಕಾಲಿನ ಪ್ಲಗ್ಗಿನೊಳಗೆ ಒಂದು ಪುಟ್ಟ ಫ್ಯೂಸ್ ಇದೆ: 3, 5 ಅಥವಾ 13 ಆಂಪಿಯರಿನದು. ಅದು ಕಾಯುವುದು ಉಪಕರಣದ ವಯರನ್ನು. ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ. ಹಾಗಾಗಿ 3 ಆಂಪಿಯರ್ ಫ್ಯೂಸ್ ಇದ್ದ ಟೇಬಲ್ ಲ್ಯಾಂಪಿನ ತೆಳು ವಯರಿಗೆ ಪ್ಲಗ್ ಕತ್ತರಿಸಿ ನಮ್ಮದನ್ನು ಹಾಕಿದರೆ, ವಯರ್ ಬಿಸಿಯಾದರೂ 16 ಆಂಪಿಯರಿನ ಎಂಸಿಬಿ (ಮಿತಿ ದಾಟಿದರೆ ತಾನೇ ಬೀಳುವ ಸ್ವಿಚ್ಚು) ಬೀಳುವುದೇ ಇಲ್ಲ. ತೆಳು ವಯರಿನವನ್ನು 6 ಆಂಪಿಯರ್ ಎಂಸಿಬಿ ಇರುವ ಲೈನಿಗೇ ಹಾಕಿ. 3000 ವ್ಯಾಟ್ ಕೆಟಲ್ 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಅಡುಗೆಮನೆಯ ಕಟ್ಟೆ ಮೇಲೆ ಇಲ್ಲಿಯವರು ಒಂದೋ ಎರಡೋ ಮಾತ್ರ ಇಡುತ್ತಾರೆ, ನಾವು ನಾಲ್ಕು ಇಡಿಸಿದೆವು. ಬಣ್ಣ ನೆನಪಿರಲಿ: ತಂದ ಉಪಕರಣದಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಹಳೆ ಮನೆಯ ಗೋಡೆಯಲ್ಲಿ ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು. ಟ್ರಾವೆಲ್ ಅಡಾಪ್ಟರ್ ಸಿಕ್ಕಿಸಿ ವರ್ಷಗಟ್ಟಲೆ ಓಡಿಸಬೇಡಿ, ಸಡಿಲ ಪಿನ್ ಉಪ್ಪುಗಾಳಿಗೆ ಕಪ್ಪಾಗಿ ಕರಗುತ್ತದೆ.

ಜಾಗದ ಕಾಗದಕ್ಕೆ ವಕೀಲರು ಬೇಕೇ ಬೇಕು. ಕೇಳಬೇಕಾದ ಪ್ರಶ್ನೆ ಮಾತ್ರ ನಮಗೆ ಗೊತ್ತಿರಬೇಕು: ವರ್ಗ (ಪೂರ್ಣ ಒಡೆತನದ) ಜಾಗವೋ ಮೂಲಗೇಣಿಯೋ (ಶಾಶ್ವತ ಗೇಣಿ), ಭೂಪರಿವರ್ತನೆ ಆಗಿದೆಯೇ, ಪಂಚಾಯತಿಯದಾದರೆ ನಮೂನೆ 9/11ರ ದಾಖಲೆ ಇದೆಯೇ, ಅಳಿಯಸಂತಾನದ ಕುಟುಂಬದ ಆಸ್ತಿಯಾದರೆ ಪಾಲಿನವರೆಲ್ಲ ಸಹಿ ಹಾಕಿದ್ದಾರೆಯೇ, ಕಡಲಿನ ಉಬ್ಬರರೇಖೆಯಿಂದ 500 ಮೀಟರಿನೊಳಗೆ ಇದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಯಾವ ವರ್ಗ. ಕಡಲ್ಕೊರೆತದ ಕಲ್ಲುಗಳನ್ನು ಹಾಕಿದ ಜಾಗದ ಹಿಂದಿನ ಸೈಟು ಎಷ್ಟು ಚಂದ ಕಂಡರೂ ನಾನು ಕೊಳ್ಳಲಾರೆ. ಅಲ್ಲಿಂದಲೇ ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು.

ಜುಲೈಯಲ್ಲಿ ಮನೆ ನೋಡುವಾಗ ಒಳಗಿನ ಹೊಸ ಬಣ್ಣ ನೋಡಬೇಡಿ, ಸಜ್ಜದ ಕೆಳಭಾಗ ನೋಡಿ. ಸರಳಿನ ಜಾಡಿನಲ್ಲೇ ಉದ್ದಕ್ಕೆ ಬಿರುಕು ಇದ್ದು ಕಂದು ಕಲೆ ಇಳಿದಿದ್ದರೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ ಎಂದರ್ಥ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಇಂಥ ಮನೆಗೆ ಮೇಲಿಂದ ಪುಟ್ಟಿ ಬಳಿದರೆ ಒಂದು ಮಳೆಗಾಲ ದಾಟೀತು. ಕಾಂಕ್ರೀಟ್ ಒಡೆದು, ಸರಳು ಉಜ್ಜಿ, ಪ್ರೈಮರ್ ಬಳಿದು, ಪುನಃ ಕಟ್ಟುವುದೇ ದಾರಿ. ಬೆಲೆ ಮಾತಾಡುವಾಗ ಆ ಖರ್ಚು ಕಳೆಯಿರಿ. ಪಡುಗೋಡೆಯ ಒಳಮೈಗೆ ಅಂಗೈ ಇಟ್ಟು ನೋಡಿ, ನೈರುತ್ಯದ ಮಳೆ ಹೊಡೆಯುವುದು ಅಲ್ಲಿಗೇ. ತಾರಸಿ ಮೇಲೆ ಟ್ರಸ್ ಹಾಕಿ ಶೀಟ್ ಹೊದಿಸಿದ ಮನೆ ನೋಡಲು ಕೊಟ್ಟಿಗೆಯಂತಿದ್ದರೂ ಅದೇ ವಾಸಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಬರೀ ತಾರಸಿ ಬಹಳ ದಿನ ತಡೆಯದು. ಬಟ್ಟೆ ಒಣಗುವುದೂ ಆ ಶೀಟಿನ ಅಡಿಯಲ್ಲೇ.

ಇನ್ನು ಬಾವಿ. ಪಾಲಿಕೆಯ ನೀರು ತುಂಬೆ ಅಣೆಕಟ್ಟಿನಿಂದ ಬರುತ್ತದೆ, ಮಳೆ ತಡವಾದ ವರ್ಷ ಮೇಯಲ್ಲಿ ಪಾಳಿಯ ಮೇಲೆ ಬಿಡುತ್ತಾರೆ. ಬಾವಿ ಇಲ್ಲದ ಮನೆ ಬೇಡ ಎಂದೇ ನನ್ನ ಮತ. ಮೇ ಕೊನೆಗೆ ಹೋದಾಗ ಹಗ್ಗಕ್ಕೆ ಕಲ್ಲು ಕಟ್ಟಿ ನೀರಿನ ಆಳ ಅಳೆಯಿರಿ. ಪಂಪು ಒಂದು ಗಂಟೆ ಓಡಿಸಿ, ಎಷ್ಟು ಇಳಿಯಿತು, ಮುಂದಿನ ಎರಡು ಗಂಟೆಯಲ್ಲಿ ಎಷ್ಟು ಏರಿತು ಬರೆದುಕೊಳ್ಳಿ. ಅದೇ ದಿನ ಲ್ಯಾಬಿನವರು ಕೊಟ್ಟ ಶುದ್ಧೀಕರಿಸಿದ ಬಾಟಲಿಯಲ್ಲಿ ನೀರು ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ಕೇಳಬೇಕಾದ್ದು ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ), ಕ್ಲೋರೈಡ್, ಪಿಎಚ್, ಕಬ್ಬಿಣ ಮತ್ತು ಇ-ಕೋಲಿ. ಲೀಟರಿಗೆ ಟಿಡಿಎಸ್ 500, ಕ್ಲೋರೈಡ್ 250 ಮಿ.ಗ್ರಾಂ. ಕುಡಿಯುವ ನೀರಿಗೆ ಒಪ್ಪುವ ಮಟ್ಟ. ಕಡಲ ಬದಿಯ ಬಾವಿಯಲ್ಲಿ ಕ್ಲೋರೈಡ್ ಏರುವುದು ಬೇಸಿಗೆಯ ಕೊನೆಗೇ, ಡಿಸೆಂಬರಿನ ವರದಿ ತೋರಿಸಿದರೆ ನಂಬಬೇಡಿ. ಕಡಲಿನಿಂದ ಒಳಗಿನ ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ಬಾವಿಯದು ತಿರುಗಾಮುರುಗಾ: ನೀರು ತೀರಾ ಮೆದು, ಟಿಡಿಎಸ್ ಎಷ್ಟೋ ಸಲ 100ರ ಒಳಗೆ, ಪಿಎಚ್ ಮಾತ್ರ 6ರ ಆಸುಪಾಸಿನ ಹುಳಿ. ಈ ಹುಳಿ ನೀರು ಜಿಐ ಪೈಪನ್ನೂ ಗೀಸರಿನ ಟಾಂಕಿಯನ್ನೂ ತಿನ್ನುತ್ತದೆ. ಪೈಪು ಸಿಪಿವಿಸಿ ಇರಲಿ, ಪಂಪಿನ ನಂತರ ಕ್ಯಾಲ್ಸೈಟ್ ತುಂಬಿದ ಫಿಲ್ಟರ್ ಇಡಿಸಿ. ಆರ್‌ಒ ಮಾರುವವರು ಮೀಟರ್ ಹಿಡಿದು ಮನೆಗೆ ಬರುತ್ತಾರೆ. 80 ಟಿಡಿಎಸ್ ನೀರಿಗೆ ಆರ್‌ಒ ಏಕೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಯುವಿ ಸಾಕು, ಅಥವಾ ಕುದಿಸಿ.

ಮೊದಲ ಮಳೆಗೆ ಬಾವಿ ಕದಡಿದಾಗ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, ಹಿಡಿಗಟ್ಟಲೆ ಎಸೆಯುವುದಲ್ಲ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ: 3 × 3 × 0.785 × 4, ಅಂದರೆ 28 ಘನ ಮೀಟರ್, 28,000 ಲೀಟರ್. 1000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 70 ಗ್ರಾಂ ಪುಡಿ. ಕದಡಿದ ನೀರಿಗೆ ಇದರ ಇಮ್ಮಡಿ. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ತಿಳಿಯಾಗಲು ಬಿಡಿ. ತಳದ ಸುಣ್ಣ ಬಾವಿಗೆ ಹೋಗಬಾರದು, ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಕನಿಷ್ಠ ಒಂದು ಗಂಟೆ ಪಂಪು ಮುಟ್ಟಬೇಡಿ, ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಅನುಕೂಲ. ಪುಡಿಯ ಪೊಟ್ಟಣ ತೆರೆದಿಟ್ಟರೆ ಈ ತೇವಕ್ಕೆ ಬೇಗ ಸತ್ತು ಹೋಗುತ್ತದೆ, ಅರ್ಧ ಕಿಲೋಗಿಂತ ಹೆಚ್ಚು ತಂದಿಡಬೇಡಿ.

ಉಪ್ಪುಗಾಳಿಗೆ ಮದ್ದು ತೊಳೆಯುವುದು ಒಂದೇ. ಎಸಿಯ ಹೊರಗಿನ ಘಟಕವನ್ನು ಮೂಡುಗಡೆಯ ಗೋಡೆಗೆ ಹಾಕಿಸಿ, ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಬರೀ ನೀರು ಬಿಟ್ಟು ರೆಕ್ಕೆಗಳನ್ನು ತೊಳೆಯಿರಿ. ಕಿಟಕಿಯ ಕೊಂಡಿ, ಹೊರಗಿನ ಸ್ಕ್ರೂ 304 ಸ್ಟೀಲಿನದಾದರೆ ಒಂದೇ ವರ್ಷದಲ್ಲಿ ಚಹಾ ಬಣ್ಣದ ಚುಕ್ಕೆ ಬೀಳುತ್ತದೆ. ಪಡುಗಡೆಗಾದರೂ 316 ಕೇಳಿ ತನ್ನಿ, ತಿರುಗಣೆಗೆ ಹಿತ್ತಾಳೆ.

ಬೂಷ್ಟಿಗೆ ಗಾಳಿ ಬೇಕು ಎಂದು ಮಳೆಗಾಲದಲ್ಲಿ ಕಿಟಕಿ ತೆರೆದಿಡುತ್ತಾರೆ. ಹೊರಗಿನ ತೇವಾಂಶವೇ ಶೇ. 90 ಇರುವಾಗ ಅದರಿಂದ ಉಪಯೋಗವಿಲ್ಲ. ಪುಸ್ತಕ, ಬಟ್ಟೆ, ಕಾಗದಪತ್ರಕ್ಕೆ ಒಂದು ಕೋಣೆ ಗೊತ್ತು ಮಾಡಿ, ಬಾಗಿಲು ಮುಚ್ಚಿ, ಡಿಹ್ಯೂಮಿಡಿಫೈಯರನ್ನು ಶೇ. 55ಕ್ಕೆ ಇಡಿ. ಕಪಾಟು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ.

ಕರೆಂಟು ಹೋಗುವುದು ಮರ ಬಿದ್ದು, ಗಂಟೆಗಟ್ಟಲೆ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಿಂದ ಸೋರಿಕೆ ಕಳೆದು ಸುಮಾರು 1100 ವ್ಯಾಟ್-ಅವರ್ ಸಿಗುತ್ತದೆ. ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನು ನಾಲ್ಕು, ಏಳೆಂಟು ದೀಪ, ರೂಟರ್ ಸೇರಿ 200 ವ್ಯಾಟ್ ಅಂದರೆ ಐದು ತಾಸು ದಾಟುತ್ತದೆ. ಹಳೆ ಫ್ಯಾನಾದರೆ ಒಂದೊಂದೇ 75 ವ್ಯಾಟ್ ತಿನ್ನುತ್ತದೆ, ಮೊದಲು ಫ್ಯಾನ್ ಬದಲಿಸಿ, ಆಮೇಲೆ ದೊಡ್ಡ ಬ್ಯಾಟರಿಯ ಮಾತು. ಸಿಡಿಲು ಜೋರು ಏಪ್ರಿಲ್-ಮೇ ಮತ್ತು ಅಕ್ಟೋಬರದಲ್ಲಿ. ಒಣಗಿದ ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಸರಿ ಕೂರುವುದಿಲ್ಲ, ಮೇಯಲ್ಲೇ ಅಳತೆ ಮಾಡಿಸಿ. 5 ಓಮ್ ದಾಟಿದರೆ ಇನ್ನೊಂದು ಗುಂಡಿ ತೋಡಿಸಿ ಎರಡನ್ನೂ ಜೋಡಿಸಬೇಕು. ಮೀಟರ್ ಬೋರ್ಡಿನಲ್ಲಿ ಸರ್ಜ್ ರಕ್ಷಕ, ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎರಡೂ ಇರಲಿ.

ಇದರ ಜತೆಗೆ ಮಾಡಿನ ನೀರುದೋಣಿಯ ಕಸ ಬಳಿಯುವುದು, ತೆಂಗಿನ ಒಣ ಮಡಲು ಇಳಿಸುವುದು, ಪಡುಗಡೆಯ ಕಿಟಕಿಗೆ ಶೀಟಿನ ಮರೆ ಕಟ್ಟುವುದು, ಅಂಗಳದ ನೀರು ಬಾವಿ ಕಟ್ಟೆಯತ್ತ ಹರಿಯದಂತೆ ಕಣಿ ಬಿಡಿಸುವುದು, ಇವೆಲ್ಲ ಪತ್ತನಾಜೆಯೊಳಗೆ ಮುಗಿಯಬೇಕು, ಅಂದರೆ ಮೇ 24ರ ಸುಮಾರಿಗೆ. ಆಮೇಲೆ ಕೆಲಸದವರು ಸಿಕ್ಕುವುದಿಲ್ಲ, ಎಲ್ಲರ ಮನೆಯದೂ ಅದೇ ಕೆಲಸ. ಏಪ್ರಿಲ್ ಮೊದಲ ವಾರದಲ್ಲೇ ಹೇಳಿ ಇಡಿ, ತುಳುವರ ಹೊಸವರ್ಷ ಬಿಸುವಿನ ಹಿಂದೆಮುಂದೆ ಮತ್ತೊಮ್ಮೆ ಫೋನ್ ಮಾಡಿ ನೆನಪಿಸಿ.